ಕ್ಲಿಕ್ ಇಳಿಯಿತು, ಬರುವವರು ಹೆಚ್ಚಿದರು: ಒಂದು ಫಿಟ್‌ನೆಸ್ ಕೇಂದ್ರದ ಜಾಹೀರಾತು ಪ್ರಕರಣ

ಸೋಷಿಯಲ್ ಮೀಡಿಯಾದಲ್ಲಿ ಜಾಹೀರಾತು ಹಾಕಿಸಿದ ಜಿಮ್ ಮಾಲೀಕರು ತಿಂಗಳ ಕೊನೆಗೆ ಮೊದಲು ಕೇಳುವುದು ಕ್ಲಿಕ್ ದರವನ್ನು. ಜಾಹೀರಾತು ನೂರು ಸಲ ಕಾಣಿಸಿದರೆ ಎಷ್ಟು ಸಲ ಅದನ್ನು ಒತ್ತಿದರು ಎಂಬ ಲೆಕ್ಕ ಅದು. ಬೇಗ ಸಿಗುತ್ತದೆ, ದಿನದಿನವೂ ಬದಲಾಗುತ್ತದೆ, ಏರಿದರೆ ಖುಷಿಯಾಗುತ್ತದೆ. ಆದರೆ ಫಿಟ್‌ನೆಸ್ ಕೇಂದ್ರದ ಮಟ್ಟಿಗೆ ಈ ದರ ಏರಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಅದೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ಒತ್ತಿದವರು ಯಾರು ಎನ್ನುವುದು ಗೊತ್ತಾಗುವ ತನಕ ಆ ಅಂಕಿ ಅರ್ಧ ಮಾತು. ಈ ಪ್ರಕರಣದಲ್ಲಿ ಕ್ಲಿಕ್ ದರ ಇಳಿದ ತಿಂಗಳೇ ಕೇಂದ್ರಕ್ಕೆ ಹೆಚ್ಚು ಜನ ಬಂದರು. ಹೇಗೆ ಎಂಬುದನ್ನು ಹಂತಹಂತವಾಗಿ ಬಿಡಿಸಿ ನೋಡುವುದು ಈ ಬರಹದ ಕೆಲಸ.

ಇಲ್ಲಿನ ಕೇಂದ್ರ ಯಾವುದೋ ಒಂದು ನಿರ್ದಿಷ್ಟ ಸಂಸ್ಥೆಯಲ್ಲ. ಇಂಥ ಕೇಂದ್ರಗಳಲ್ಲಿ ಪದೇಪದೇ ಎದುರಾಗುವ ಪರಿಸ್ಥಿತಿಯನ್ನು ಒಂದೆಡೆ ತಂದು ಕಟ್ಟಿದ ಮಾದರಿ ಪ್ರಕರಣ. ಕೇಂದ್ರದ ಅಂಕಿಗಳನ್ನು ಲೆಕ್ಕ ಹಿಡಿಯಲು ಅನುಕೂಲವಾಗುವಂತೆ ನಾನೇ ಇಟ್ಟಿದ್ದೇನೆ. ವೇದಿಕೆಯ ನಿಯಮಗಳು, ಅಳತೆಯ ವಿಧಾನ, ಸಂಶೋಧನೆಗಳ ಬಗ್ಗೆ ಹೇಳಿರುವುದು ಮಾತ್ರ ವಾಸ್ತವ.

ಕೇಂದ್ರ, ಮತ್ತು ಜನವರಿಯ ಜಾಹೀರಾತು

ಸುಮಾರು 400 ಸದಸ್ಯರಿರುವ ಮಧ್ಯಮ ಗಾತ್ರದ ಕೇಂದ್ರ. ಮಾಲೀಕರು, ಒಬ್ಬ ಮ್ಯಾನೇಜರ್, ರಿಸೆಪ್ಷನ್‌ನಲ್ಲಿ ಒಬ್ಬರು, ಮೂವರು ಟ್ರೇನರ್‌ಗಳು. ಸದಸ್ಯರಲ್ಲಿ ಹೆಚ್ಚಿನವರು 4 ಕಿಲೋಮೀಟರ್ ಒಳಗೆ ಇರುವವರು. ಅರ್ಧಕ್ಕಿಂತ ಹೆಚ್ಚು ಮಂದಿ 30ರಿಂದ 50ರ ವಯಸ್ಸಿನವರು, ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು. ಬೆನ್ನುನೋವು, ತೂಕ, ಡಾಕ್ಟರ್ ಹೇಳಿದ ಮಾತು, ಇಂಥ ಕಾರಣಕ್ಕೆ ಬಂದವರೇ ಬಹಳ.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕುವುದೆಂದು ತೀರ್ಮಾನವಾಯಿತು. ಮೊದಲು ಕಳಿಸಿದ ಎರಡು ಜಾಹೀರಾತುಗಳನ್ನು ವೇದಿಕೆ ತಿರಸ್ಕರಿಸಿತು. ಒಂದರಲ್ಲಿ 'ಮೊದಲು ಹೀಗಿದ್ದರು, ಈಗ ಹೀಗಿದ್ದಾರೆ' ಎಂಬ ಜೋಡಿ ಫೋಟೊ ಇತ್ತು. ಇನ್ನೊಂದು 'ನಿಮಗೆ ಹೊಟ್ಟೆ ಬಂದಿದೆಯಾ?' ಎಂದು ಶುರುವಾಗುತ್ತಿತ್ತು. ಈ ಎರಡನ್ನೂ ನಡೆಸುವ ಮೆಟಾ ಕಂಪನಿಯ ಜಾಹೀರಾತು ನಿಯಮದಲ್ಲಿ ನಂಬಲಾಗದ ಫಲಿತಾಂಶ ತೋರಿಸುವ ಜೋಡಿ ಫೋಟೊಗಳಿಗೆ ಅವಕಾಶವಿಲ್ಲ. ನೋಡುವವರ ದೇಹ ಅಥವಾ ಆರೋಗ್ಯ ಹೀಗಿದೆ ಎಂದು ಸೂಚಿಸುವ ಮಾತಿಗೂ, ತಮ್ಮ ದೇಹದ ಬಗ್ಗೆ ಅವರಿಗೇ ಬೇಸರ ಹುಟ್ಟಿಸುವ ಮಾತಿಗೂ ಅವಕಾಶವಿಲ್ಲ. ಮಾಲೀಕರಿಗೆ ಇದು ಅಡ್ಡಿ ಎನಿಸಿತು. ನನ್ನ ಅಭಿಪ್ರಾಯದಲ್ಲಿ ನಿಯಮ ನ್ಯಾಯವಾದದ್ದು. ಮನೆಯಲ್ಲಿ ಕೂತು ಫೋನ್ ನೋಡುತ್ತಿರುವವರ ಹೊಟ್ಟೆಯ ಬಗ್ಗೆ ಮಾತಾಡುವ ಹಕ್ಕು ದುಡ್ಡು ಕೊಟ್ಟ ಮಾತ್ರಕ್ಕೆ ಯಾರಿಗೂ ಬರುವುದಿಲ್ಲ.

ಮೂರನೆಯದು ಒಪ್ಪಿಗೆ ಪಡೆಯಿತು. ಅತ್ಯಂತ ಕಟ್ಟುಮಸ್ತಾದ ಟ್ರೇನರ್ ಭಾರ ಎತ್ತುತ್ತಿರುವ ಫೋಟೊ, ಬೆವರಿನ ಹನಿಯ ಮೇಲೆ ಬೆಳಕು, 'ಈ ವರ್ಷ ಬದಲಾಗಿ' ಎಂಬ ಸಾಲು, ಕೆಳಗೆ ಒಂದು ದಿನದ ಉಚಿತ ಟ್ರಯಲ್‌ಗೆ ಲಿಂಕ್. ಸುತ್ತಲಿನ 4 ಕಿಲೋಮೀಟರ್, ವಯಸ್ಸು 18ರಿಂದ 65, ಗುರಿ 'ಲಿಂಕ್ ಕ್ಲಿಕ್', ಎಲ್ಲೆಲ್ಲಿ ತೋರಿಸಬೇಕೆಂಬುದು ವೇದಿಕೆಗೆ ಬಿಟ್ಟದ್ದು.

ತಿಂಗಳ ಕೊನೆಗೆ ಮ್ಯಾನೇಜರ್ ರಿಪೋರ್ಟ್ ಕೊಟ್ಟರು. ಜಾಹೀರಾತು 1 ಲಕ್ಷ ಸಲ ಕಾಣಿಸಿದೆ, ಕ್ಲಿಕ್ ದರ ಶೇ 3. ಮಾಲೀಕರಿಗೆ ತೃಪ್ತಿಯಾಯಿತು. ಟ್ರಯಲ್‌ಗೆ ಬಂದವರು 9, ಸೇರಿದವರು 2 ಎಂದು ರಿಸೆಪ್ಷನ್‌ನವರು ಹೇಳಿದಾಗ ತೃಪ್ತಿ ಗೊಂದಲಕ್ಕೆ ತಿರುಗಿತು. 3,000 ಕ್ಲಿಕ್ ಎಲ್ಲಿ, 9 ಜನ ಎಲ್ಲಿ?

ಶೇ 3ರ ಒಳಗೆ ಏನಿತ್ತು

ಜಾಹೀರಾತು ಹಾಕಲು, ಅದರ ಲೆಕ್ಕ ನೋಡಲು ಮೆಟಾ ಕೊಡುವ 'ಆ್ಯಡ್ಸ್ ಮ್ಯಾನೇಜರ್' ಎಂಬ ಸಾಧನದಲ್ಲಿ ಕ್ಲಿಕ್ ದರ ಎಂಬ ಹೆಸರಿನ ಕಾಲಂ ಒಂದೇ ಇಲ್ಲ. ಮ್ಯಾನೇಜರ್ ಓದಿದ್ದು 'ಎಲ್ಲ ಕ್ಲಿಕ್‌ಗಳ' ದರ. ಅದರಲ್ಲಿ ಲಿಂಕ್ ಒತ್ತಿದವರ ಜೊತೆಗೆ ಲೈಕ್ ಕೊಟ್ಟವರು, ಕಾಮೆಂಟ್ ಹಾಕಿದವರು, ಶೇರ್ ಮಾಡಿದವರು, ಪುಟದ ಹೆಸರು ಒತ್ತಿದವರು, ಫೋಟೊವನ್ನು ದೊಡ್ಡದಾಗಿ ತೆರೆದು ನೋಡಿದವರು ಎಲ್ಲರೂ ಸೇರುತ್ತಾರೆ. ಈ ಗೊಂದಲ ಹೊಸದಲ್ಲ. 2015ರ ಜುಲೈ ತನಕ ಫೇಸ್‌ಬುಕ್ 'ಪ್ರತಿ ಕ್ಲಿಕ್‌ನ ಖರ್ಚು' ಲೆಕ್ಕ ಹಾಕುವಾಗಲೂ ಲೈಕ್, ಕಾಮೆಂಟ್‌ಗಳನ್ನು ಕ್ಲಿಕ್ ಎಂದೇ ಎಣಿಸುತ್ತಿತ್ತು. ಆಮೇಲೆ ಜಾಹೀರಾತಿನ ಉದ್ದೇಶಕ್ಕೆ ಸಂಬಂಧಪಟ್ಟ ಕ್ಲಿಕ್‌ಗಳನ್ನಷ್ಟೇ ಅದಕ್ಕೆ ಲೆಕ್ಕ ಹಿಡಿಯತೊಡಗಿತು. ಆದರೆ 'ಎಲ್ಲ ಕ್ಲಿಕ್' ಕಾಲಂ ಉಳಿದುಕೊಂಡಿತು. ಅದರ ಅಂಕಿ ಯಾವಾಗಲೂ ದೊಡ್ಡದಾಗಿರುವುದರಿಂದ ರಿಪೋರ್ಟಿಗೆ ಅದೇ ಸೇರಿಕೊಳ್ಳುತ್ತದೆ.

ಕಟ್ಟುಮಸ್ತಾದ ದೇಹದ ಫೋಟೊ ಇಂಥ ಕ್ಲಿಕ್‌ಗಳನ್ನು ಧಾರಾಳವಾಗಿ ತರುತ್ತದೆ. ದೊಡ್ಡದು ಮಾಡಿ ನೋಡುತ್ತಾರೆ, ಲೈಕ್ ಒತ್ತುತ್ತಾರೆ, ಗೆಳೆಯನ ಹೆಸರು ಹಾಕಿ ಛೇಡಿಸುತ್ತಾರೆ. ಅದನ್ನೆಲ್ಲ ತೆಗೆದ ಮೇಲೆ ಲಿಂಕ್ ಒತ್ತಿದ್ದು 900 ಸಲ. ಅಂದರೆ ಶೇ 0.9.

ಆ 900ರಲ್ಲಿ ಕೇಂದ್ರದ ವೆಬ್‌ಸೈಟ್ ಪುಟ ಪೂರ್ತಿ ತೆರೆದುಕೊಂಡದ್ದು 540 ಸಲ ಮಾತ್ರ. 360 ಕ್ಲಿಕ್ ದಾರಿಯಲ್ಲೇ ಕಳೆದುಹೋದವು. ಇದಕ್ಕೆ ಎರಡು ಕಾರಣ ಸಿಕ್ಕವು. ಒಂದು, ಪುಟ ಭಾರವಾಗಿತ್ತು. ಜಿಮ್‌ನ ಒಳಾಂಗಣದ ದೊಡ್ಡ ದೊಡ್ಡ ಫೋಟೊಗಳು ತೆರೆದುಕೊಳ್ಳುವ ಹೊತ್ತಿಗೆ ನೋಡುವವರ ತಾಳ್ಮೆ ಮುಗಿದಿರುತ್ತಿತ್ತು. ತೆರೆದುಕೊಳ್ಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮೊಬೈಲ್‌ನಲ್ಲಿ ಬಂದವರಲ್ಲಿ ಶೇ 53ರಷ್ಟು ಭೇಟಿಗಳು ಅಲ್ಲಿಗೇ ನಿಂತುಹೋಗುತ್ತವೆ ಎಂದು ಗೂಗಲ್ 2016ರಲ್ಲೇ ಹೇಳಿತ್ತು. ಇನ್ನೊಂದು, ಜಾಹೀರಾತು ಕಾಣಿಸಿದ ಜಾಗ. ಬೇರೆ ಕಂಪನಿಗಳ ಆ್ಯಪ್‌ಗಳ ಒಳಗೆ ಮೆಟಾ ಜಾಹೀರಾತು ತೋರಿಸುವ 'ಆಡಿಯನ್ಸ್ ನೆಟ್‌ವರ್ಕ್'ನಲ್ಲಿ ಕ್ಲಿಕ್ ದರ ಎಲ್ಲಕ್ಕಿಂತ ಮೇಲಿತ್ತು, ಪುಟ ತೆರೆದ ಪ್ರಮಾಣ ಎಲ್ಲಕ್ಕಿಂತ ಕೆಳಗಿತ್ತು. ಆಟದ ಮಧ್ಯೆ ಬೆರಳು ಜಾರಿ ಬಿದ್ದ ಕ್ಲಿಕ್‌ಗಳ ಲಕ್ಷಣ ಇದು. ಎರಡು ಸೆಕೆಂಡ್ ಕೂಡ ಪುಟದಲ್ಲಿ ನಿಲ್ಲದ ಕ್ಲಿಕ್‌ಗಳು ಬಹುಮಟ್ಟಿಗೆ ಆಕಸ್ಮಿಕ ಎಂದು 2017ರಲ್ಲಿ ಫೇಸ್‌ಬುಕ್ ತಾನೇ ಒಪ್ಪಿಕೊಂಡು, ಆ ಜಾಲದಲ್ಲಿ ಅಂಥವುಗಳನ್ನು ಲೆಕ್ಕಕ್ಕೆ ಹಿಡಿಯುವುದನ್ನು ಕೈಬಿಡುವುದಾಗಿ ಹೇಳಿತ್ತು.

ವಾರವಾರದ ಲೆಕ್ಕ ಬಿಡಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಲಿಂಕ್ ಕ್ಲಿಕ್ ದರ ಮೊದಲ ವಾರ ಶೇ 1.4, ಆಮೇಲೆ 1.0, 0.7, ಕೊನೆಯ ವಾರ 0.5. ತಿಂಗಳ ಸರಾಸರಿ ಈ ಇಳಿಜಾರನ್ನು ಮುಚ್ಚಿಟ್ಟಿತ್ತು. 1 ಲಕ್ಷ ಸಲ ಕಾಣಿಸಿದ ಜಾಹೀರಾತನ್ನು ನೋಡಿದವರು ಒಟ್ಟು 20,000 ಮಂದಿ. ಒಬ್ಬೊಬ್ಬರೂ ಸರಾಸರಿ ಐದು ಸಲ ಅದೇ ಫೋಟೊ ನೋಡಿದ್ದರು. ದೇಶವಿಡೀ ಮಾರುವ ಕಂಪನಿಗೆ ಹೊಸ ಕಣ್ಣುಗಳು ಸಿಗುತ್ತಲೇ ಇರುತ್ತವೆ. ಜಿಮ್‌ಗೆ ಹಾಗಲ್ಲ, ಅದರ ಜನವೆಲ್ಲ ನಾಲ್ಕು ಕಿಲೋಮೀಟರ್ ಒಳಗಿನವರೇ. ಅದೇ ಚಿತ್ರ ಹಿಂದಿಂದೆಯೇ ಬಂದರೆ ಬೇಗ ಹಳಸುತ್ತದೆ.

ಫೋಟೊ ಯಾರನ್ನು ಆರಿಸಿತು

ಇಷ್ಟು ಹೇಳಿದರೂ ಮುಖ್ಯ ಪ್ರಶ್ನೆ ಹಾಗೇ ಉಳಿಯುತ್ತದೆ. ಪುಟ ತೆರೆದ 540ರಲ್ಲಿ ಟ್ರಯಲ್ ಫಾರ್ಮ್ ತುಂಬಿದವರು 27. ಶೇ 5. ಉಳಿದವರು ಯಾಕೆ ಹೊರಟುಹೋದರು?

ವಯಸ್ಸು ಮತ್ತು ಲಿಂಗದ ಪ್ರಕಾರ ಲೆಕ್ಕ ಬಿಡಿಸಿ ನೋಡಿದರೆ ಉತ್ತರ ಅಲ್ಲೇ ಇತ್ತು. 18ರಿಂದ 65ರ ತನಕ ಎಲ್ಲರಿಗೂ ತೋರಿಸಿ ಎಂದು ಹೇಳಿದ್ದರೂ ಜಾಹೀರಾತು ಕಾಣಿಸಿದ್ದು ಬಹುಪಾಲು 18ರಿಂದ 24ರ ಹುಡುಗರಿಗೆ. ಕೇಂದ್ರದ ಸದಸ್ಯರು ಯಾರೋ, ಜಾಹೀರಾತು ನೋಡಿದವರು ಯಾರೋ. ಯಾರೂ ಹಾಗೆ ಸೆಟ್ಟಿಂಗ್ ಮಾಡಿರಲಿಲ್ಲ.

ಜಾಹೀರಾತು ತೋರಿಸುವ ಜಾಗಕ್ಕಾಗಿ ವೇದಿಕೆಯಲ್ಲಿ ಹರಾಜು ನಡೆಯುವ ರೀತಿಯೇ ಇದಕ್ಕೆ ಕಾರಣ. ಯಾವ ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ನಿರ್ಧರಿಸುವಾಗ ಕೊಟ್ಟ ದುಡ್ಡಿನ ಜೊತೆಗೆ ಎರಡು ಅಂದಾಜುಗಳು ಸೇರುತ್ತವೆ: ಈ ವ್ಯಕ್ತಿ ನಾವು ಕೇಳಿದ ಕೆಲಸ ಮಾಡುವ ಸಂಭವ ಎಷ್ಟು, ಜಾಹೀರಾತಿನ ಗುಣಮಟ್ಟ ಹೇಗಿದೆ. ನಾವು ಕೇಳಿದ ಕೆಲಸ 'ಕ್ಲಿಕ್' ಆಗಿದ್ದರೆ, ಕ್ಲಿಕ್ ಮಾಡುವ ಅಭ್ಯಾಸ ಇರುವವರನ್ನೇ ಅದು ಹುಡುಕುತ್ತದೆ. ಅದಕ್ಕೆ ಫೋಟೊ ಕೂಡ ಸುಳಿವು ಕೊಡುತ್ತದೆ. 2019ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷಿಸಿ ತೋರಿಸಿದರು. ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಒಂದೇ ಬಗೆಯ ಜನರನ್ನು ಗುರಿಯಾಗಿಸಿ, ಒಂದೇ ರೀತಿ ದುಡ್ಡು ಹಾಕಿದರು. ಬಾಡಿಬಿಲ್ಡಿಂಗ್ ಜಾಹೀರಾತು ಬಹುಪಾಲು ಗಂಡಸರಿಗೆ, ಸೌಂದರ್ಯವರ್ಧಕದ ಜಾಹೀರಾತು ಬಹುಪಾಲು ಹೆಂಗಸರಿಗೆ ಹೋಯಿತು. ಮನುಷ್ಯರ ಕಣ್ಣಿಗೆ ಕಾಣದಷ್ಟು ಪಾರದರ್ಶಕವಾಗಿ ಮಾಡಿದ ಚಿತ್ರ ಹಾಕಿದಾಗಲೂ ವಾಲಿಕೆ ಅದೇ ಕಡೆಗೆ. ಜನ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂದು ನೋಡುವುದಕ್ಕೂ ಮೊದಲು ಯಂತ್ರ ಚಿತ್ರವನ್ನು ಓದಿ ಯಾರಿಗೆ ತೋರಿಸಬೇಕೆಂದು ಅಂದಾಜು ಮಾಡಿಬಿಟ್ಟಿರುತ್ತದೆ.

ಜಿಮ್ ನಡೆಸುವವರು ಈ ಒಂದು ಸಂಗತಿಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕೆಂದು ನನ್ನ ಆಸೆ. ಟ್ರೇನರ್‌ನ ತೋಳಿನ ಫೋಟೊ ಹಾಕುವುದೆಂದರೆ ಜಾಹೀರಾತನ್ನು ಅಲಂಕರಿಸುವುದಷ್ಟೇ ಅಲ್ಲ, ಅದು ಯಾರ ಫೋನಿಗೆ ಹೋಗಬೇಕೆಂದು ನಿರ್ಧರಿಸುವುದೂ ಹೌದು. ಈ ಕೇಂದ್ರದ ಫೋಟೊ ಕಟ್ಟುಮಸ್ತಾದ ದೇಹ ನೋಡಲು ಇಷ್ಟಪಡುವವರನ್ನು ಹುಡುಕಿತು. ಅವರಲ್ಲಿ ಹಲವರು ಆಗಲೇ ಬೇರೆ ಜಿಮ್‌ಗೆ ಹೋಗುತ್ತಿರುವವರು. ನಲವತ್ತು ದಾಟಿದ, ವ್ಯಾಯಾಮ ಬಿಟ್ಟು ಹತ್ತು ವರ್ಷವಾದ ಹೆಂಗಸಿಗೆ ಆ ಜಾಹೀರಾತು ಹೋಗಿಯೇ ಇರಲಿಲ್ಲ. ಅಕಸ್ಮಾತ್ ಹೋಗಿದ್ದರೂ 'ಇದು ನನ್ನಂಥವರ ಜಾಗ ಅಲ್ಲ' ಎಂದುಕೊಂಡು ಅವರು ಮುಂದಕ್ಕೆ ಸರಿಸುತ್ತಿದ್ದರು.

ಸದಸ್ಯರನ್ನು ಕೇಳಿದಾಗ

ಮ್ಯಾನೇಜರ್ ಮಾಡಿದ ಅತ್ಯುತ್ತಮ ಕೆಲಸ ಕಂಪ್ಯೂಟರ್ ಬಿಟ್ಟು ಎದ್ದು ಹೋಗಿ ಸದಸ್ಯರ ಜೊತೆ ಮಾತಾಡಿದ್ದು. 'ಇಲ್ಲಿಗೆ ಸೇರುವ ಮೊದಲು ನಿಮಗೆ ಯಾವ ಹೆದರಿಕೆ ಇತ್ತು?' ಎಂದು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂಬ ಸಂಕೋಚ. ಯಂತ್ರಗಳನ್ನು ಹೇಗೆ ಬಳಸುವುದೋ ಗೊತ್ತಿಲ್ಲ. ನನ್ನ ವಯಸ್ಸಿನವರು ಇರುತ್ತಾರೋ ಇಲ್ಲವೋ. ಮೊಣಕಾಲು ನೋವು ಜಾಸ್ತಿಯಾದರೆ? ಒಮ್ಮೆ ಒಳಗೆ ಹೋದರೆ ಇಡೀ ವರ್ಷದ ಹಣ ಕಟ್ಟಿಸಿಕೊಂಡೇ ಬಿಡುತ್ತಾರೇನೋ. ಯಂತ್ರಗಳು ಯಾವ ಕಂಪನಿಯವು ಎಂದು ಒಬ್ಬರೂ ಯೋಚಿಸಿರಲಿಲ್ಲ.

ಫೆಬ್ರವರಿಯ ಜಾಹೀರಾತು ಈ ಮಾತುಗಳಿಂದಲೇ ಹುಟ್ಟಿತು. ಇಪ್ಪತ್ತು ಸೆಕೆಂಡಿನ ವಿಡಿಯೋ. ನಲವತ್ತೈದರ ಆಸುಪಾಸಿನ ಸದಸ್ಯೆಯೊಬ್ಬರು, ಅವರ ಲಿಖಿತ ಒಪ್ಪಿಗೆಯ ಮೇಲೆ, ತಮ್ಮ ಮೊದಲ ದಿನ ಹೇಗಿತ್ತೆಂದು ತೋರಿಸುತ್ತಾರೆ. ಬಾಗಿಲಲ್ಲಿ ಟ್ರೇನರ್ ಹೆಸರು ಕೇಳಿ ಮಾತಾಡಿಸುತ್ತಾರೆ, ಹಳೆಯ ನೋವೇನಾದರೂ ಇದೆಯೇ ಎಂದು ವಿಚಾರಿಸಿ ಬರೆದುಕೊಳ್ಳುತ್ತಾರೆ, ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಿಧಾನ ನಡಿಗೆ, ಆಮೇಲೆ ಒಂದೆರಡು ಸುಲಭ ವ್ಯಾಯಾಮ. ದನಿ ಆಫ್ ಮಾಡಿ ನೋಡುವವರಿಗಾಗಿ ಅಕ್ಷರಗಳು ತೆರೆಯ ಮೇಲೇ ಇದ್ದವು. ಕೇಂದ್ರದ ಹೆಸರು, ಇರುವ ಜಾಗ, ಸಮಯ, ಒಂದು ದಿನದ ಉಚಿತ ಟ್ರಯಲ್ ಎಲ್ಲವೂ ಜಾಹೀರಾತಿನಲ್ಲೇ. ಟ್ರಯಲ್ ದಿನ ಹಣದ ಮಾತು ಎತ್ತುವುದಿಲ್ಲ ಎಂಬ ಒಂದು ಸಾಲೂ ಇತ್ತು. ಆ ಸಾಲು ಬರೆಯುವ ಮೊದಲು ಮಾಲೀಕರು ಟ್ರೇನರ್‌ಗಳನ್ನು ಕೂರಿಸಿಕೊಂಡು ಅದನ್ನು ನಿಜಕ್ಕೂ ಪಾಲಿಸುವ ಮಾತು ತೆಗೆದುಕೊಂಡರು.

ಲಿಂಕ್ ಒತ್ತಿದರೆ ತೆರೆಯುವ ಪುಟವನ್ನು ಹಗುರ ಮಾಡಲಾಯಿತು. ಹೆಸರು, ಫೋನ್ ನಂಬರ್, ಬರಲು ಅನುಕೂಲವಾದ ಹೊತ್ತು, ಇಷ್ಟೇ ಕೇಳುವ ಫಾರ್ಮ್. ಆಡಿಯನ್ಸ್ ನೆಟ್‌ವರ್ಕ್ ಕೈಬಿಟ್ಟರು. ಫಾರ್ಮ್ ಬಂದ ದಿನವೇ ರಿಸೆಪ್ಷನ್‌ನವರು ಫೋನ್ ಮಾಡಬೇಕೆಂದು ನಿಯಮ ಮಾಡಿಕೊಂಡರು.

ಗುರಿ ಯಾವುದಿರಬೇಕು ಎಂಬುದರಲ್ಲಿ ಮಾತ್ರ ಚರ್ಚೆ ನಡೆಯಿತು. ಫಾರ್ಮ್ ತುಂಬುವುದನ್ನೇ ಗುರಿಯಾಗಿ ಇಡೋಣ ಎಂದರು ಮಾಲೀಕರು. ತರ್ಕ ಸರಿಯಾಗಿದೆ. ಆದರೆ ಯಾರಿಗೆ ತೋರಿಸಿದರೆ ಕೆಲಸವಾಗುತ್ತದೆ ಎಂದು ಮೆಟಾದ ವ್ಯವಸ್ಥೆ ಕಲಿಯುವ 'ಕಲಿಕೆಯ ಹಂತ' ದಾಟಿ ಸ್ಥಿರವಾಗಲು, ದೊಡ್ಡ ಬದಲಾವಣೆ ಮಾಡಿದ ಮೇಲಿನ ಒಂದು ವಾರದಲ್ಲಿ ಗುರಿಯಿಟ್ಟ ಕೆಲಸ ಸುಮಾರು 50 ಸಲ ನಡೆಯಬೇಕು. ತಿಂಗಳಿಗೆ ಮೂವತ್ತು ಫಾರ್ಮ್ ಕೂಡ ಬಾರದ ಕೇಂದ್ರಕ್ಕೆ ಅದು ಎಟುಕುವುದಿಲ್ಲ. ಹಾಗಾಗಿ ಮಧ್ಯದ ಮೆಟ್ಟಿಲು ಆರಿಸಿಕೊಂಡರು: ಪುಟ ಪೂರ್ತಿ ತೆರೆದುಕೊಳ್ಳುವುದನ್ನು ಗುರಿಯಾಗಿಟ್ಟರು. ಬಜೆಟ್, ಚಿತ್ರ, ಗುರಿಯ ಜನ ಇವನ್ನು ದಿನದಿನ ತಿದ್ದುತ್ತ ಕೂರುವುದನ್ನೂ ನಿಲ್ಲಿಸಿದರು. ಗಣನೀಯವಾದ ತಿದ್ದುಪಡಿ ಪ್ರತಿ ಸಲವೂ ಕಲಿಕೆಯನ್ನು ಮೊದಲಿಂದ ಶುರು ಮಾಡಿಸುತ್ತದೆ.

ಫೆಬ್ರವರಿಯ ಲೆಕ್ಕ

ಖರ್ಚು ಜನವರಿಯಷ್ಟೇ. ಜಾಹೀರಾತು ಕಾಣಿಸಿದ್ದು 80,000 ಸಲ. ಎಲ್ಲ ಕ್ಲಿಕ್‌ಗಳ ದರ ಶೇ 3ರಿಂದ 1.3ಕ್ಕೆ ಇಳಿಯಿತು. ಲಿಂಕ್ ಕ್ಲಿಕ್ 560, ಅಂದರೆ ಶೇ 0.7. ಹಳೆಯ ರಿಪೋರ್ಟನ್ನಷ್ಟೇ ನೋಡುವವರು ಇಲ್ಲಿಗೇ ಜಾಹೀರಾತು ನಿಲ್ಲಿಸಿಬಿಡುತ್ತಿದ್ದರು.

ಆದರೆ 560ರಲ್ಲಿ 476 ಸಲ ಪುಟ ತೆರೆದುಕೊಂಡಿತು. 57 ಮಂದಿ ಫಾರ್ಮ್ ತುಂಬಿದರು. 34 ಮಂದಿ ಟ್ರಯಲ್‌ಗೆ ಬಂದರು. 12 ಮಂದಿ ಸೇರಿದರು. ಒಂದು ಲಿಂಕ್ ಕ್ಲಿಕ್‌ಗೆ ತಗಲಿದ ಖರ್ಚು ಜನವರಿಯದರ 1.6 ಪಟ್ಟು. ಒಬ್ಬರನ್ನು ಬಾಗಿಲ ತನಕ ಕರೆತರಲು ತಗಲಿದ ಖರ್ಚು ಹೆಚ್ಚುಕಡಿಮೆ ಕಾಲು ಭಾಗ.

ಜನವರಿಗೆ ಒಂದು ಸಹಜ ಅನುಕೂಲವೂ ಇತ್ತು ಎನ್ನುವುದನ್ನು ಮರೆಯಬಾರದು. ಹೊಸ ವಾರ, ಹೊಸ ತಿಂಗಳು, ಹೊಸ ವರ್ಷದ ಆರಂಭದಲ್ಲಿ ಜಿಮ್‌ಗೆ ಹೋಗುವವರು ಹೆಚ್ಚುತ್ತಾರೆ ಎಂದು ಡಾಯ್, ಮಿಲ್ಕ್‌ಮನ್ ಮತ್ತು ರೀಸ್ ಎಂಬ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ಆ ಅಲೆ ಇಳಿದ ಮೇಲಿನ ತಿಂಗಳಲ್ಲಿ ಈ ಫಲಿತಾಂಶ ಬಂದದ್ದು ವಿಡಿಯೋದ ಪರವಾಗಿಯೇ ಮಾತಾಡುತ್ತದೆ.

ಯಾವುದರಿಂದ ಏನಾಯಿತು?

ಇಲ್ಲಿ ಎಚ್ಚರ ಬೇಕು. ಫೆಬ್ರವರಿಯಲ್ಲಿ ಫೋಟೊ ಹೋಗಿ ವಿಡಿಯೋ ಬಂತು, ಪುಟ ಬದಲಾಯಿತು, ಗುರಿ ಬದಲಾಯಿತು, ಫೋನ್ ಮಾಡುವ ಪದ್ಧತಿಯೂ ಬದಲಾಯಿತು. ಕೀರ್ತಿಯೆಲ್ಲ ವಿಡಿಯೋಗೆ ಕೊಟ್ಟರೆ ಅನ್ಯಾಯ. ಅದಕ್ಕೇ ಮಾರ್ಚ್‌ನಲ್ಲಿ ಹಳೆಯ ಫೋಟೊ ಮತ್ತು ಹೊಸ ವಿಡಿಯೋ ಎರಡನ್ನೂ ಸಮ ಖರ್ಚಿನಲ್ಲಿ, ಒಂದೇ ಹಗುರ ಪುಟಕ್ಕೆ, ಒಂದೇ ಗುರಿಯೊಂದಿಗೆ, ಅದೇ ಫೋನ್ ನಿಯಮದೊಂದಿಗೆ ಎದುರುಬದುರು ಓಡಿಸಿದರು.

ಮೊದಲ ಮೂರು ದಿನಕ್ಕೆ ಎರಡೂ 2,000 ಸಲ ಕಾಣಿಸಿದ್ದವು. ಫೋಟೊಗೆ 18 ಲಿಂಕ್ ಕ್ಲಿಕ್, ವಿಡಿಯೋಗೆ 14. ಫೋಟೊ ಗೆದ್ದಿತು ಎಂದು ಮಾಲೀಕರು ಅಂದರು. ಇಂಥ ಚಿಕ್ಕ ಎಣಿಕೆಯಲ್ಲಿ ಒಂದು ಸರಳ ಲೆಕ್ಕ ಕೈಹಿಡಿಯುತ್ತದೆ. ಎರಡನ್ನೂ ಕೂಡಿಸಿದರೆ 32, ಅದರ ವರ್ಗಮೂಲ ಸುಮಾರು 5.7. ಜಾಹೀರಾತುಗಳ ನಡುವೆ ಯಾವ ವ್ಯತ್ಯಾಸ ಇಲ್ಲದಿದ್ದರೂ ಅಷ್ಟು ಏರುಪೇರು ಸುಮ್ಮನೆ ಬರಬಹುದು. 4ರ ಅಂತರಕ್ಕೆ ಅರ್ಥ ಹಚ್ಚುವ ಹಾಗಿಲ್ಲ.

ತಿಂಗಳು ಮುಗಿದಾಗ ಫೋಟೊ 300 ಲಿಂಕ್ ಕ್ಲಿಕ್, 240 ಪುಟ ಭೇಟಿ, 17 ಫಾರ್ಮ್, 7 ಟ್ರಯಲ್ ತಂದಿತ್ತು. ವಿಡಿಯೋ 260 ಕ್ಲಿಕ್, 221 ಪುಟ ಭೇಟಿ, 27 ಫಾರ್ಮ್, 16 ಟ್ರಯಲ್. ಹಳೆಯ ಫೋಟೊದಲ್ಲೂ ಪುಟ ತೆರೆಯುವ ಪ್ರಮಾಣ ಶೇ 60ರಿಂದ 80ಕ್ಕೆ, ಫಾರ್ಮ್ ಪ್ರಮಾಣ ಶೇ 5ರಿಂದ 7ಕ್ಕೆ ಏರಿತ್ತು. ಅಂದರೆ ಪುಟ, ಗುರಿ, ಜಾಹೀರಾತಿನ ಜಾಗ ಸರಿಪಡಿಸಿದ್ದರಿಂದಲೇ ಒಂದಷ್ಟು ಲಾಭವಾಗಿತ್ತು. ಉಳಿದದ್ದು ವಿಡಿಯೋ ತಂದ ಜನರಿಂದ. ಹಾಗೆಂದು ಇದನ್ನು ಪೂರ್ತಿ ಸಾಬೀತು ಎನ್ನಲಾರೆ. 7 ಮತ್ತು 16ರ ಅಂತರ 9. ಒಟ್ಟು 23ರ ವರ್ಗಮೂಲ 4.8. ಸುಮ್ಮನೆ ಬರಬಹುದಾದ ಏರುಪೇರಿಗಿಂತ ಅಂತರ ದೊಡ್ಡದು, ಆದರೆ ಅದರ ಎರಡು ಪಟ್ಟು ಮುಟ್ಟಿಲ್ಲ. ವಿಡಿಯೋ ಕಡೆಗೆ ಬಲವಾದ ಸೂಚನೆ ಇದೆ, ಆದರೆ ಇನ್ನೊಂದು ತಿಂಗಳ ಲೆಕ್ಕ ಸೇರಿದರೆ ಮಾತು ಗಟ್ಟಿಯಾಗುತ್ತದೆ. ವೇದಿಕೆ ಎರಡು ಜಾಹೀರಾತುಗಳನ್ನು ಎರಡು ಬಗೆಯ ಜನರಿಗೆ ತೋರಿಸಿರುವುದರಿಂದ ಇಲ್ಲಿ ಗೆದ್ದದ್ದು ವಿಡಿಯೋ ಒಂದೇ ಅಲ್ಲ, ವಿಡಿಯೋ ಮತ್ತು ಅದು ತಲುಪಿದ ಜನ ಎರಡೂ ಸೇರಿ. ವ್ಯಾಪಾರದ ದೃಷ್ಟಿಯಿಂದ ಅದೇನೂ ತೊಂದರೆಯಲ್ಲ.

ಕ್ಲಿಕ್ ಮಾಡದೆ ಬಂದವರು

ಫೆಬ್ರವರಿಯಲ್ಲಿ ರಿಸೆಪ್ಷನ್ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟರು. ಬಂದ ಪ್ರತಿಯೊಬ್ಬರನ್ನೂ 'ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?' ಎಂದು ಕೇಳಿ ಬರೆಯುವುದು. ಫಾರ್ಮ್ ತುಂಬದೆ ನೇರವಾಗಿ ಬಂದವರಲ್ಲಿ 8 ಮಂದಿ ಆ ವಿಡಿಯೋ ನೋಡಿದ್ದೆ ಎಂದರು. ಜಾಗ, ಸಮಯ ಎಲ್ಲ ಅದರಲ್ಲೇ ಇದ್ದಾಗ ಲಿಂಕ್ ಒತ್ತುವ ಅಗತ್ಯ ಅವರಿಗೆ ಕಾಣಲಿಲ್ಲ. ಮಾಹಿತಿಯನ್ನು ಪೂರ್ತಿ ಕೊಡುವ ಜಾಹೀರಾತು ತನ್ನ ಕ್ಲಿಕ್ ದರವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕುತೂಹಲಕ್ಕೆಂದು ವಿವರ ಮುಚ್ಚಿಟ್ಟರೆ ದರ ಏರುತ್ತದೆ, ಬರಬೇಕಾದವರಿಗೆ ಒಂದು ಮೆಟ್ಟಿಲು ಹೆಚ್ಚಾಗುತ್ತದೆ. ಹತ್ತಿರದವರಿಗಾಗಿಯೇ ಇರುವ ಕೇಂದ್ರ ಎಂದೂ ವಿವರ ಮುಚ್ಚಿಡಬಾರದು.

ಯಂತ್ರದ ಎಣಿಕೆಯ ಪಕ್ಕದಲ್ಲಿ ಈ ನೋಟ್‌ಬುಕ್ ಇರಲೇಬೇಕಾದದ್ದಕ್ಕೆ ಇನ್ನೊಂದು ಕಾರಣ, 2021ರ ಏಪ್ರಿಲ್‌ನಲ್ಲಿ ಬಂದ ಐಫೋನ್‌ನ ಐಓಎಸ್ 14.5. ಅಲ್ಲಿಂದೀಚೆಗೆ ಬೇರೆ ಆ್ಯಪ್, ಬೇರೆ ಪುಟಗಳಲ್ಲಿ ತಮ್ಮನ್ನು ಹಿಂಬಾಲಿಸಬಹುದೇ ಎಂದು ಆ್ಯಪ್‌ಗಳು ಬಳಕೆದಾರರ ಅನುಮತಿ ಕೇಳಬೇಕು. ಬೇಡ ಎಂದವರು ಮಾಡಿದ ಕೆಲಸ ರಿಪೋರ್ಟಿನಲ್ಲಿ ಸರಿಯಾಗಿ ಕಾಣುವುದಿಲ್ಲ.

ಸೇರಿದ 12 ಮಂದಿಯ ವಿಷಯದಲ್ಲಿ ಕೇಂದ್ರ ಈಗ ತಿಂಗಳಿಗೆ ಎಷ್ಟು ಸಲ ಬರುತ್ತಾರೆಂಬುದನ್ನೂ ಬರೆದಿಡುತ್ತಿದೆ. ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಹಾಜರಿಯನ್ನು ಡೆಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳ ಸದಸ್ಯತ್ವಕ್ಕೆ 70 ಡಾಲರ್‌ಗಿಂತ ಹೆಚ್ಚು ಕೊಟ್ಟವರು ಬಂದದ್ದು ತಿಂಗಳಿಗೆ ಸರಾಸರಿ 4.3 ಸಲ. ಒಂದು ಭೇಟಿಗೆ 17 ಡಾಲರ್‌ಗಿಂತ ಹೆಚ್ಚು ಬಿದ್ದಂತಾಯಿತು, ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಒಂದು ಭೇಟಿ 10 ಡಾಲರ್‌ಗೆ ಮುಗಿಯುತ್ತಿತ್ತು. ಹಣ ಕಟ್ಟಿ ಬಾರದ ಸದಸ್ಯರಿಂದ ಕೆಲವು ತಿಂಗಳು ಲಾಭ ಕಾಣಬಹುದು. ಆದರೆ ಪಕ್ಕದ ಮನೆಯವರಿಗೆ 'ನೀವೂ ಬನ್ನಿ' ಎಂದು ಹೇಳುವವರು ಅವರಲ್ಲ, ಮುಂದಿನ ವಿಡಿಯೋದಲ್ಲಿ ನಿಲ್ಲುವವರೂ ಅವರಲ್ಲ.

ಏಪ್ರಿಲ್‌ನಿಂದ ಮ್ಯಾನೇಜರ್ ರಿಪೋರ್ಟಿನ ಮೊದಲ ಸಾಲು ಟ್ರಯಲ್‌ಗೆ ಬಂದವರ ಸಂಖ್ಯೆ, ಎರಡನೆಯದು ಸೇರಿದವರು, ಮೂರನೆಯದು ಹಿಂದೆ ಸೇರಿದವರ ಹಾಜರಿ. ಲಿಂಕ್ ಕ್ಲಿಕ್ ದರವನ್ನು ತೆಗೆದುಹಾಕಿಲ್ಲ. ಒಂದೇ ವಿಡಿಯೋದ ದರ ವಾರದಿಂದ ವಾರಕ್ಕೆ ಇಳಿಯುತ್ತಿದೆಯೇ ಎಂದು ನೋಡಲು, ಹೊಸದನ್ನು ಯಾವಾಗ ಚಿತ್ರೀಕರಿಸಬೇಕೆಂದು ತಿಳಿಯಲು ಅದನ್ನು ಬಳಸುತ್ತಾರೆ. ಎರಡನೆಯ ವಿಡಿಯೋಗೆ ಅರವತ್ತು ದಾಟಿದ ಸದಸ್ಯರೊಬ್ಬರು ಒಪ್ಪಿದ್ದಾರೆ.